ಕಾಯಿಲೆ ಅಂಟಿಸಿದವರ ಮೇಲೆ ಕೊಲೆ ಕೇಸು ಹಾಕಬಹುದೇ?

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ತಂದೆ ಕೋವಿಡ್‌ನಿಂದ ತೀರಿಕೊಂಡರು. ವಯಸ್ಸು 68. ಸಕ್ಕರೆ ಕಾಯಿಲೆ ಇತ್ತು, ಕಿಡ್ನಿಯೂ ಸೋತಿತ್ತು. ಹತ್ತಿರದ ಸಂಬಂಧಿಯೊಬ್ಬರು ಮನೆಗೆ ಬಂದು ಎರಡು ದಿನ ಇದ್ದು ಹೋದರು. ಕೆಮ್ಮುತ್ತಿದ್ದರು. ಕೇಳಿದರೆ ‘ಸುಮ್ನೆ ಗಂಟಲು ಕೆರೆತ’ ಅಂದರು. ಅವರು ಹೋದ ನಾಲ್ಕನೇ ದಿನ ಅಪ್ಪನಿಗೆ ಜ್ವರ ಬಂತು. ಎರಡು ವಾರದಲ್ಲಿ ಅಪ್ಪ ಇರಲಿಲ್ಲ. ಬರುವ ಹಿಂದಿನ ದಿನವೇ ಅವರ ಟೆಸ್ಟ್ ಪಾಸಿಟಿವ್ ಆಗಿತ್ತೆಂದು ಆಮೇಲೆ ಗೊತ್ತಾಯಿತು. ‘ಪಾಸಿಟಿವ್ ಬಂದಿದೆ, ಅಲ್ಲಿ ಯಾರಿಗೂ ಹೇಳಬೇಡ, ಗಾಬರಿ ಆಗ್ತಾರೆ’ ಎಂದು ನನ್ನ ಚಿಕ್ಕಪ್ಪನ ಮಗನಿಗೆ ವಾಟ್ಸಾಪ್ ಮಾಡಿದ್ದಾರೆ. ಆ ವಾರ ಅಪ್ಪ ಆಸ್ಪತ್ರೆಯ ಚೆಕಪ್ ಬಿಟ್ಟರೆ ಬೇರೆಲ್ಲೂ ಹೋಗಿರಲಿಲ್ಲ. ಕುಡಿದು ಗಾಡಿ ಓಡಿಸಿ ಒಬ್ಬರನ್ನು ಸಾಯಿಸಿದರೆ ಜೈಲು. ಗೊತ್ತಿದ್ದೂ ಕಾಯಿಲೆ ತಂದು ಸಾಯಿಸಿದರೆ ಏನೂ ಇಲ್ಲವೇ? ಕೊಲೆ ಕೇಸು ಹಾಕಬಹುದೇ? ಠಾಣೆಯಲ್ಲಿ ವಿಚಾರಿಸಿದರೆ ‘ಆರು ತಿಂಗಳ ಸೆಕ್ಷನ್ನು, ಬಿಟ್ಟಾಕಿ’ ಅಂದರು.

ಉತ್ತರ: ನಿಮಗೆ ಎರಡು ನೋವಿದೆ. ಅಪ್ಪ ಹೋದರು, ಅದೊಂದು. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿದ್ದರು, ಅದು ಇನ್ನೊಂದು. ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಎರಡನೆಯದಕ್ಕೆ ನಿಮ್ಮ ಕೈಯಲ್ಲಿ ಒಳ್ಳೆಯ ಸಾಕ್ಷ್ಯ ಇದೆ. ಎರಡನೆಯದರಿಂದಲೇ ಮೊದಲನೆಯದು ಆಯಿತು ಎಂದು ತೋರಿಸುವುದು ಕಷ್ಟ. ಕೊಲೆ ಕೇಸು ನಿಲ್ಲುವುದಿಲ್ಲ. ಹಾಗಂತ ‘ಏನೂ ಇಲ್ಲ, ಬಿಟ್ಟಾಕಿ’ ಅನ್ನುವುದೂ ಸರಿಯಲ್ಲ.

ಕಾಯಿಲೆಯಿಂದ ಸತ್ತರೆ ಅದು ಕೊಲೆ ಆಗುವುದೇ ಇಲ್ಲ ಅಂತ ತುಂಬಾ ಜನ, ಕೆಲವು ವಕೀಲರೂ ಸೇರಿ, ಅಂದುಕೊಂಡಿದ್ದಾರೆ. ಅದು ತಪ್ಪು. 1933ರ ನವೆಂಬರ್ 26ರಂದು ಹೌರಾ ರೈಲು ನಿಲ್ದಾಣದ ಗದ್ದಲದಲ್ಲಿ ಪಾಕುಡ್ ಜಮೀನ್ದಾರಿ ಮನೆತನದ ಯುವಕ ಅಮರೇಂದ್ರನಿಗೆ ಯಾರೋ ಡಿಕ್ಕಿ ಹೊಡೆದು ಹೋದರು. ತೋಳಿಗೆ ಏನೋ ಚುಚ್ಚಿದಂತಾಯಿತು. ಡಿಸೆಂಬರ್ 4ಕ್ಕೆ ಅವನು ತೀರಿಕೊಂಡ. ಅವನ ರಕ್ತದಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ಸಿಕ್ಕಿತು. ಕಲ್ಕತ್ತದಲ್ಲಿ ಆಗ ವರ್ಷಗಳಿಂದ ಪ್ಲೇಗ್ ಇರಲಿಲ್ಲ. ಆಸ್ತಿಗಾಗಿ ಜಗಳವಾಡುತ್ತಿದ್ದ ಮಲಅಣ್ಣ ಬಿನಯೇಂದ್ರ, ಒಬ್ಬ ಡಾಕ್ಟರ ಜೊತೆ ಸೇರಿ ಬಾಂಬೆಯಿಂದ ಪ್ಲೇಗ್ ಬ್ಯಾಕ್ಟೀರಿಯಾ ತರಿಸಿಕೊಂಡಿದ್ದ. ವಿಚಾರಣಾ ನ್ಯಾಯಾಲಯ ಇಬ್ಬರಿಗೂ ಗಲ್ಲು ವಿಧಿಸಿತು. 1936ರಲ್ಲಿ ಕಲ್ಕತ್ತಾ ಹೈಕೋರ್ಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿತು. ಕತ್ತಿ, ಬಂದೂಕು ಏನೂ ಇರಲಿಲ್ಲ. ಒಂದು ಸೂಜಿ, ಒಂದು ರೋಗ.

ಅಮೆರಿಕದ ಲೂಸಿಯಾನಾದಲ್ಲೂ ಇಂಥದ್ದೇ ಒಂದು ಆಯಿತು. ಬಿಟ್ಟು ಹೋಗಲು ಹೊರಟ ಗೆಳತಿಗೆ 1994ರಲ್ಲಿ ಒಬ್ಬ ಡಾಕ್ಟರು ‘ವಿಟಮಿನ್ ಬಿ12’ ಎಂದು ಹೇಳಿ ಇಂಜೆಕ್ಷನ್ ಕೊಟ್ಟ. ಒಳಗಿದ್ದದ್ದು ಅವನ ರೋಗಿಗಳ ರಕ್ತ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಅವಳಿಗೆ ಬಂದವು. 1998ರಲ್ಲಿ ಅವನು ಕೊಲೆ ಯತ್ನದ ಅಪರಾಧಿ ಎಂದಾಯಿತು, 50 ವರ್ಷ ಶಿಕ್ಷೆಯಾಯಿತು. ಅವಳ ವೈರಸ್ಸು ಅವನ ರೋಗಿಯ ವೈರಸ್ಸಿನ ಕವಲು ಎಂದು ಜೀನ್ ಪರೀಕ್ಷೆಯಿಂದ ತೋರಿಸಿದ್ದರು.

ಈ ಎರಡರಲ್ಲೂ ಸಾಯಿಸುವ ಅಥವಾ ರೋಗ ಹತ್ತಿಸುವ ಉದ್ದೇಶ ಸ್ಪಷ್ಟ ಇತ್ತು. ರೋಗ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದೂ ಸ್ಪಷ್ಟ ಇತ್ತು. ನಿಮ್ಮ ಪ್ರಕರಣದಲ್ಲಿ ಮೊದಲನೆಯದು ಇಲ್ಲವೇ ಇಲ್ಲ. ‘ಗಾಬರಿ ಆಗ್ತಾರೆ’ ಎಂದು ಬರೆದವರು ನಿಮ್ಮ ಅಪ್ಪನನ್ನು ಸಾಯಿಸಲು ಬಂದಿದ್ದರು ಎಂದು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ನೀವೂ ಹಾಗೆ ನಂಬಿದಂತೆ ಕಾಣಲಿಲ್ಲ.

ಇನ್ನು ಗಾಡಿಯ ವಿಷಯ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಗಾಡಿ ಹರಿದು ಸತ್ತರೆ ಸಾಮಾನ್ಯವಾಗಿ ಬೀಳುವುದು ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಸೆಕ್ಷನ್. ಹಳೆಯ ಐಪಿಸಿಯಲ್ಲಿ ಅದು 304ಎ, ಗರಿಷ್ಠ ಎರಡು ವರ್ಷ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 106, ಗರಿಷ್ಠ ಐದು ವರ್ಷ. ಕುಡಿದು ಓಡಿಸಿದವರಿಗೆ ಅದಕ್ಕಿಂತ ದೊಡ್ಡ ಸೆಕ್ಷನ್ ಬೀಳುವುದೂ ಉಂಟು. 2006ರಲ್ಲಿ ಮುಂಬೈಯಲ್ಲಿ ಕುಡಿದ ಯುವಕನೊಬ್ಬ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹತ್ತಿಸಿದ. ಏಳು ಜನ ಸತ್ತರು. ಕೆಳಗಿನ ಕೋರ್ಟು ಬರೀ ನಿರ್ಲಕ್ಷ್ಯ ಎಂದು ಆರು ತಿಂಗಳು ಕೊಟ್ಟಿತು. ಹೈಕೋರ್ಟ್ ಅದನ್ನು ಕೊಲೆಯಲ್ಲದ ನರಹತ್ಯೆ ಎಂದು ಮಾಡಿ ಮೂರು ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಾಗೆ ಓಡಿಸಿದರೆ ಜನ ಸಾಯುವ ಸಂಭವ ಇದೆ ಎಂಬ ಅರಿವು ಅವನಿಗಿತ್ತು ಎಂಬುದೇ ಕಾರಣ.

ಈ ‘ಅರಿವು’ ನಿಮ್ಮ ಸಂಬಂಧಿಗೂ ಇತ್ತಲ್ವಾ ಎಂದು ನೀವು ಕೇಳಬಹುದು. ಪಾಸಿಟಿವ್ ಎಂದು ಗೊತ್ತಿತ್ತು. ಮನೆಯಲ್ಲಿ ಕಾಯಿಲೆಯ ಹಿರಿಯರಿದ್ದಾರೆ ಎಂದೂ ಗೊತ್ತಿತ್ತು. ವಾದ ಮಾಡಬಹುದು. ಆದರೆ ನರಹತ್ಯೆಗೆ ಬೇಕಾದದ್ದು ‘ಅಂಟಬಹುದು’ ಎಂಬ ಅರಿವಲ್ಲ, ‘ಸಾಯುವ ಸಂಭವ ಇದೆ’ ಎಂಬ ಅರಿವು. ಕೋವಿಡ್ ಈಗ ಬಹುತೇಕ ಜನರಿಗೆ ನಾಲ್ಕು ದಿನದ ಜ್ವರ. ಅವರೂ ಹಾಗೇ ಅಂದುಕೊಂಡಿದ್ದರು ಎಂದು ಅವರ ವಕೀಲರು ಹೇಳುತ್ತಾರೆ, ಕೋರ್ಟು ಬಹುಶಃ ನಂಬುತ್ತದೆ. ನಾನಾಗಿದ್ದರೆ ನರಹತ್ಯೆಯ ಸೆಕ್ಷನ್ ಕೇಳುವುದಿಲ್ಲ. ಕೇಳಿದ್ದು ಜಾಸ್ತಿಯಾದರೆ ದೂರು ಇಡೀ ಸೇಡಿನ ದೂರಿನಂತೆ ಕಾಣುತ್ತದೆ.

ಉಳಿದದ್ದು ನಿರ್ಲಕ್ಷ್ಯದಿಂದ ಸಾವು. ಅಡ್ಡಿ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಾಡಿಯ ಕೇಸಿನಲ್ಲಿ ಬಂಪರ್ ಮೇಲೆ ರಕ್ತ ಇರುತ್ತದೆ. ನೋಡಿದವರಿರುತ್ತಾರೆ, ಕ್ಯಾಮೆರಾ ಇರುತ್ತದೆ. ಯಾವ ಗಾಡಿ ಎಂಬ ಬಗ್ಗೆ ಸಂಶಯ ಇದ್ದರೂ, ಗಾಡಿ ಬಡಿದೇ ಸತ್ತದ್ದು ಎಂಬುದರ ಬಗ್ಗೆ ಇರುವುದಿಲ್ಲ. ವೈರಸ್ಸಿಗೆ ನಂಬರ್ ಪ್ಲೇಟ್ ಇಲ್ಲ. ಅದು ನಿಮ್ಮ ಸಂಬಂಧಿಯಿಂದಲೇ ಬಂತು, ಚೆಕಪ್‌ಗೆ ಹೋದ ಆಸ್ಪತ್ರೆಯ ಕಾಯುವ ಕೋಣೆಯಿಂದ ಬರಲಿಲ್ಲ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ನಿಮ್ಮ ಪತ್ರದಲ್ಲಿ ‘ಚೆಕಪ್ ಬಿಟ್ಟರೆ’ ಎಂಬ ಎರಡು ಪದ ಇದೆಯಲ್ಲ, ಎದುರು ವಕೀಲರು ಒಂದು ಗಂಟೆ ಪಾಟೀಸವಾಲು ಮಾಡುವುದು ಅದರ ಮೇಲೇ. ಯಾವ ದಿನ ಹೋಗಿದ್ದರು, ಎಷ್ಟು ಹೊತ್ತು ಕೂತಿದ್ದರು, ಪಕ್ಕದಲ್ಲಿ ಯಾರು ಕೆಮ್ಮುತ್ತಿದ್ದರು, ಮನೆಯಲ್ಲಿ ಉಳಿದವರು ಆ ವಾರ ಎಲ್ಲೆಲ್ಲಿ ಓಡಾಡಿದರು, ಅವರೇ ತಂದಿರಬಾರದೇಕೆ?

ಇದರ ಮೇಲೆ ಇನ್ನೊಂದು ಕಟ್ಟು ಇದೆ. ಸಾವು ನಿರ್ಲಕ್ಷ್ಯದ ನೇರ ಫಲ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಅದು ಬಣ್ಣ ತಯಾರಿಸುವ ಕಾರ್ಖಾನೆಯ ಬೆಂಕಿ ಅನಾಹುತದ ಕೇಸು. ಬೇಗ ಹೊತ್ತಿಕೊಳ್ಳುವ ವಾರ್ನಿಷ್, ಟರ್ಪೆಂಟೈನ್ ಇಟ್ಟ ಕೋಣೆಯಲ್ಲೇ ಒಲೆ ಉರಿಸಲು ಮ್ಯಾನೇಜರ್ ಬಿಟ್ಟಿದ್ದರು. ಕೆಲಸಗಾರನೊಬ್ಬ ಒಲೆಯ ಮೇಲೆ ಕಾಯಿಸಿದ್ದರ ಬಿಸಿ ಆರುವ ಮೊದಲೇ ಅದಕ್ಕೆ ಟರ್ಪೆಂಟೈನ್ ಸುರಿದ. ಬೆಂಕಿ ಎದ್ದು ಏಳು ಜನ ಸತ್ತರು. ಮ್ಯಾನೇಜರ್ ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದ್ದು ನಿಜ ಎಂದು ಕೋರ್ಟು ಒಪ್ಪಿ ಆ ಸಣ್ಣ ಸೆಕ್ಷನ್ನಿನ ಶಿಕ್ಷೆ ಉಳಿಸಿತು. ಸಾವಿನ ನೇರ ಕಾರಣ ಮಾತ್ರ ಆ ಅವಸರದ ಸುರಿತ ಎಂದು 304ಎ ಅನ್ನು ತೆಗೆದುಹಾಕಿತು. ಅಪಾಯ ತಂದಿಟ್ಟದ್ದಕ್ಕೆ ಶಿಕ್ಷೆ ಆಯಿತು, ಸಾವಿಗೆ ಆಗಲಿಲ್ಲ. ಸೋಂಕಿನ ಕೇಸುಗಳೂ ಬಹುಪಾಲು ಇದೇ ಗೆರೆಯ ಮೇಲೆ ಮುಗಿಯುತ್ತವೆ.

ದಾಟಿದ ಕೇಸೇ ಇಲ್ಲವೇ? ಇದೆ, ಮತ್ತು ಅದು ನಿಮ್ಮದಕ್ಕೆ ತುಂಬಾ ಹತ್ತಿರ. 2024ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಕ್ಲಾಗನ್‌ಫರ್ಟ್ ನಗರದ ಕೋರ್ಟು ಒಬ್ಬ ಮಹಿಳೆಯನ್ನು ಗಂಭೀರ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಅಪರಾಧಿ ಎಂದು ತೀರ್ಮಾನಿಸಿತು. 2021ರಲ್ಲಿ ಕೋವಿಡ್ ಇದ್ದಾಗ ಅವರಿಂದ ಪಕ್ಕದ ಮನೆಯ ಕ್ಯಾನ್ಸರ್ ರೋಗಿಗೆ ಅಂಟಿ ಆ ರೋಗಿ ಸತ್ತಿದ್ದರು. ಇಬ್ಬರ ವೈರಸ್ ಮಾದರಿಗಳ ಜೀನ್ ಹೋಲಿಕೆ ಹೆಚ್ಚುಕಡಿಮೆ ನೂರಕ್ಕೆ ನೂರು ಎಂದು ತಜ್ಞರು ಹೇಳಿದರು. ಕೇಸು ನಿಂತದ್ದು ಆ ವರದಿಯ ಮೇಲೆ. ಶಿಕ್ಷೆ ಎಷ್ಟು ಗೊತ್ತಾ? ಅಮಾನತಿನಲ್ಲಿಟ್ಟ ನಾಲ್ಕು ತಿಂಗಳ ಜೈಲು ಮತ್ತು 800 ಯೂರೋ ದಂಡ. ‘ಇಂಥದ್ದು ನೂರಾರು ಕಡೆ ನಡೆದಿರಬಹುದು, ನಿಮ್ಮ ದುರದೃಷ್ಟಕ್ಕೆ ತಜ್ಞರ ವರದಿ ಸಿಕ್ಕಿತು’ ಎಂಬರ್ಥದ ಮಾತನ್ನು ನ್ಯಾಯಾಧೀಶರೇ ಆ ಮಹಿಳೆಗೆ ಹೇಳಿದ್ದರು.

ಅಂಥ ವರದಿ ನಿಮಗೆ ಸಿಗುತ್ತದೆಯೇ? ನಿಮ್ಮ ತಂದೆಯ ಮತ್ತು ಸಂಬಂಧಿಯ ಇಬ್ಬರ ಸ್ವಾಬ್‌ನ ಜೀನ್ ಓದಿಸಿಟ್ಟಿದ್ದರೆ ಮಾತ್ರ. ಸಾಮಾನ್ಯ ಪಾಸಿಟಿವ್ ವರದಿಯಲ್ಲಿ ಅದು ಇರುವುದಿಲ್ಲ. ಮನೆಯಲ್ಲೇ ಕಿಟ್‌ನಿಂದ ಟೆಸ್ಟ್ ಮಾಡಿಕೊಂಡಿದ್ದರಂತೂ ಮುಗಿಯಿತು. ಸ್ವಾಬ್‌ಗಳನ್ನು ಲ್ಯಾಬ್‌ನಲ್ಲಿ ತಿಂಗಳುಗಟ್ಟಲೆ ಇಡುವುದು ಅಪರೂಪ. ಆದರೂ ಎರಡೂ ಲ್ಯಾಬಿಗೆ ಒಮ್ಮೆ ಬರೆದು ಕೇಳಿ. ಒಂದು ವೇಳೆ ಹೊಂದಿದರೂ, ಇಬ್ಬರಿಗೂ ಮೂರನೆಯವರೊಬ್ಬರಿಂದ ಬಂದಿರಬಹುದು ಎಂಬ ವಾದ ಉಳಿದೇ ಇರುತ್ತದೆ.

ಒಂದು ಭಯವನ್ನು ಮಾತ್ರ ಬಿಟ್ಟುಬಿಡಿ. ‘ಅಪ್ಪನಿಗೆ ಮೊದಲೇ ಕಾಯಿಲೆ ಇತ್ತು, ಹೇಗೂ ಹೋಗುತ್ತಿದ್ದರು’ ಎಂಬ ಮಾತು ಕಾನೂನಿನಲ್ಲಿ ನಡೆಯುವುದಿಲ್ಲ. ಮೊದಲೇ ಕಾಯಿಲೆ ಇದ್ದವರಿಗೆ ಗಾಯ ಮಾಡಿ ಸಾವನ್ನು ಬೇಗ ತಂದರೂ ಸಾವು ಉಂಟುಮಾಡಿದಂತೆಯೇ ಎಂದು ನರಹತ್ಯೆಯ ಸೆಕ್ಷನ್ನಿನ ಮೊದಲ ವಿವರಣೆಯೇ ಹೇಳುತ್ತದೆ. ರೋಗ ಹತ್ತಿಸುವುದು ‘ಗಾಯ’ ಹೇಗೆ ಎಂದು ಯಾರಾದರೂ ಕೇಳಿದರೆ, ನ್ಯಾಯ ಸಂಹಿತೆಯ 114 ತೋರಿಸಿ. ಮೈನೋವು, ರೋಗ ಅಥವಾ ಅಶಕ್ತತೆ ಉಂಟುಮಾಡುವುದೆಲ್ಲ ಅಲ್ಲಿ ಗಾಯವೇ. 1860ರ ಐಪಿಸಿಯಲ್ಲೂ ಹಾಗೇ ಇತ್ತು.

ಹಾಗಾದರೆ ರೋಗಕ್ಕೆಂದೇ ಇರುವ ಸೆಕ್ಷನ್‌ಗಳು ಯಾವುವು? ಪ್ರಾಣಕ್ಕೆ ಅಪಾಯ ಇರುವ ರೋಗ ಹರಡಬಹುದಾದ ಕೆಲಸವನ್ನು, ಹರಡಬಹುದೆಂದು ಗೊತ್ತಿದ್ದೂ, ನಿರ್ಲಕ್ಷ್ಯದಿಂದ ಮಾಡಿದರೆ ಸೆಕ್ಷನ್ 271. ಆರು ತಿಂಗಳ ತನಕ ಜೈಲು, ಅಥವಾ ದಂಡ, ಅಥವಾ ಎರಡೂ. ಅದನ್ನೇ ಕೆಟ್ಟ ಉದ್ದೇಶದಿಂದ ಮಾಡಿದರೆ 272, ಎರಡು ವರ್ಷದ ತನಕ. ಹಳೆಯ ಐಪಿಸಿಯ 269 ಮತ್ತು 270 ಇವೇ. ಗಮನಿಸಿ, 271ರಲ್ಲಿ ಯಾರಿಗಾದರೂ ಅಂಟಿತು ಎಂದು ತೋರಿಸಬೇಕಾಗಿಲ್ಲ. ಯಾರೂ ಸಾಯಬೇಕಾಗಿಲ್ಲ. ಅಪಾಯ ತಂದಿಟ್ಟರೆ ಸಾಕು. ಶಿಕ್ಷೆ ಅಷ್ಟು ಕಡಿಮೆ ಇರುವುದಕ್ಕೆ ಕಾರಣವೂ ಅದೇ. ಠಾಣೆಯವರು ಹೇಳಿದ ‘ಆರು ತಿಂಗಳ ಸೆಕ್ಷನ್’ ಇದು. ಸಣ್ಣದು ನಿಜ. ಆದರೆ ನಿಮ್ಮ ಸಾಕ್ಷ್ಯಕ್ಕೆ ಸರಿಯಾಗಿ ಹೊಂದುವುದು ಇದೊಂದೇ: ಪಾಸಿಟಿವ್ ವರದಿ, ಮುಚ್ಚಿಡು ಎಂಬ ಸಂದೇಶ, ಕೆಮ್ಮುತ್ತಾ ಎರಡು ದಿನ ಅದೇ ಮನೆಯಲ್ಲಿ ಇದ್ದದ್ದು. 272 ಹೊಂದುವುದಿಲ್ಲ. ಮುಚ್ಚಿಟ್ಟದ್ದು ಹೇಡಿತನ, ಸ್ವಾರ್ಥ ಏನೇ ಇರಲಿ, ಹಗೆತನ ಅಲ್ಲ.

ಈ ಸೆಕ್ಷನ್ನನ್ನು ಬೇಕಾಬಿಟ್ಟಿ ಬಳಸಿದ್ದೂ ಉಂಟು. 2020ರಲ್ಲಿ ಧಾರ್ಮಿಕ ಸಭೆಗೆ ಬಂದಿದ್ದ ವಿದೇಶಿಯರ ಮೇಲೆ ಹಲವು ಕಡೆ ಇದೇ ಸೆಕ್ಷನ್‌ಗಳನ್ನು ಹಾಕಿದ್ದರು. ರೋಗ ಹರಡುವ ಕೆಲಸ ಮಾಡಿದ್ದಕ್ಕೆ ಆಧಾರವೇ ಇಲ್ಲ ಎಂದು ಬಾಂಬೆ ಹೈಕೋರ್ಟಿನ ಪೀಠಗಳು ಅಂಥ ಕೇಸುಗಳನ್ನು ರದ್ದು ಮಾಡಿದವು. ನಿಮ್ಮಲ್ಲಿ ಆಧಾರ ಇದೆ, ಆ ವ್ಯತ್ಯಾಸ ದೊಡ್ಡದು.

ಬೇರೆ ದೇಶಗಳಲ್ಲಿ ಈ ಕಾನೂನು ಬೆಳೆದದ್ದು ಬಹುಪಾಲು ಲೈಂಗಿಕ ರೋಗಗಳ ಸುತ್ತ. ಹೆಂಡತಿಗೆ ಗೊನೊರಿಯಾ ಹತ್ತಿಸಿದ ಗಂಡನನ್ನು 1888ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಬಿಟ್ಟುಬಿಟ್ಟರು. ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ನಿಲುವನ್ನು ಬದಲಿಸಿದ್ದು 2004ರಲ್ಲಿ: ಎಚ್‌ಐವಿ ಇದೆ ಎಂದು ಗೊತ್ತಿದ್ದೂ ಹೇಳದೆ, ಪರಿವೆಯಿಲ್ಲದೆ ಹತ್ತಿಸಿದರೆ ಅದು ತೀವ್ರ ಗಾಯ ಮಾಡಿದ ಅಪರಾಧ. ಬೇಕೆಂದೇ ಹತ್ತಿಸಿದವನಿಗೆ 2018ರಲ್ಲಿ ಜೀವಾವಧಿ ಆಯಿತು, ಆದರೆ ಅಲ್ಲೂ ಸೆಕ್ಷನ್ ಗಾಯದ್ದೇ. ಕೆನಡಾ ಇನ್ನೂ ಮುಂದೆ ಹೋಯಿತು. ಎಚ್‌ಐವಿ ಮುಚ್ಚಿಟ್ಟವನ ಸಂಗಾತಿಗಳಲ್ಲಿ ಇಬ್ಬರು ಸತ್ತಾಗ, 2009ರಲ್ಲಿ ಅವನನ್ನು ಕೊಲೆಯ ಅಪರಾಧಿ ಎಂದಿತು. ನನ್ನ ಅಭಿಪ್ರಾಯದಲ್ಲಿ ಅದು ಅತಿಯಾಯಿತು. ರೋಗ ಇದೆ ಎಂದು ಗೊತ್ತಿದ್ದವನಿಗೇ ಶಿಕ್ಷೆ ಅಂದರೆ, ಗೊತ್ತು ಮಾಡಿಕೊಳ್ಳದೇ ಇರುವುದೇ ಜಾಣತನ ಎಂದು ಜನ ಟೆಸ್ಟ್‌ಗೇ ಹೋಗುವುದಿಲ್ಲ. ಆಗ ರೋಗ ಜಾಸ್ತಿ ಹರಡುತ್ತದೆ. ಇದೇ ಮಾತು ಕೋವಿಡ್‌ಗೂ ಕ್ಷಯಕ್ಕೂ ಅನ್ವಯಿಸುತ್ತದೆ. ಕಾನೂನು ಇಲ್ಲಿ ಎಚ್ಚರಿಕೆಯಿಂದ ನಡೆಯುವುದಕ್ಕೆ ಕಾರಣ ಇದೆ, ಅದು ಬರೀ ಉಡಾಫೆ ಅಲ್ಲ. ನಿಮ್ಮ ದುಃಖಕ್ಕೆ ಇದು ಸಮಾಧಾನ ಅಲ್ಲ, ಗೊತ್ತು.

ಈಗ ನಿಮ್ಮ ಮುಂದಿರುವ ದಾರಿಗಳು.

ಮೊದಲು ಕ್ಯಾಲೆಂಡರ್ ನೋಡಿ. ಒಂದು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಒಂದು ವರ್ಷದ ಕಾಲಮಿತಿ ಇದೆ. ಅಂದರೆ 271ರ ಅಡಿ ಮಾತ್ರ ಹೋಗುವುದಾದರೆ ನಿಮಗೆ ಉಳಿದಿರುವುದು ನಾಲ್ಕು ತಿಂಗಳಿಗಿಂತ ಕಡಿಮೆ, ಏಕೆಂದರೆ ಅವರು ಮನೆಗೆ ಬಂದ ದಿನದಿಂದ ಲೆಕ್ಕ. 106ಕ್ಕೆ ಐದು ವರ್ಷ ಶಿಕ್ಷೆ ಇರುವುದರಿಂದ ಅಂಥ ಮಿತಿ ಇಲ್ಲ. ಆದರೆ ತಡವಾದಷ್ಟೂ ದೂರಿನ ಬಲ ಕಮ್ಮಿ.

271 ಪೊಲೀಸರು ನೇರವಾಗಿ ದಾಖಲಿಸಬಹುದಾದ ಅಪರಾಧ. ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ನಡೆದದ್ದನ್ನು ತಾರೀಕಿನ ಸಮೇತ ಬರೆಯಿರಿ, ‘ಕೊಲೆಗಡುಕ’ ಎಂಬಂಥ ಪದ ಬೇಡ. 271ರ ಜೊತೆ 106 ಕೂಡ ಪರಿಶೀಲಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನು ಪೊಲೀಸರಿಗೆ ಅವಕಾಶ ಕೊಟ್ಟಿದೆ. ಹಾಗೆ ಹೇಳಿದರೆ ತಳ್ಳಿಹಾಕುತ್ತಿದ್ದಾರೆ ಎಂದುಕೊಳ್ಳಬೇಡಿ. ದೂರನ್ನೇ ತಗೊಳ್ಳದಿದ್ದರೆ ಎಸ್‌ಪಿಗೆ ಬರೆಯಿರಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು. ಎರಡೂ ಸೆಕ್ಷನ್ ಜಾಮೀನು ಸಿಗುವಂಥವು. ನಾಳೆಯೇ ಅವರು ಒಳಗೆ ಹೋಗುತ್ತಾರೆ ಎಂಬ ನಿರೀಕ್ಷೆ ಇದ್ದರೆ ಈಗಲೇ ಬಿಡಿ. 106 ಬಿದ್ದುಹೋಗಿ 271 ಮಾತ್ರ ಉಳಿಯುವ, ಕೊನೆಗೆ ಬರೀ ದಂಡದಲ್ಲಿ ಮುಗಿಯುವ ಸಂಭವವೇ ಹೆಚ್ಚು.

ಪರಿಹಾರಕ್ಕೆ ಸಿವಿಲ್ ದಾವೆಯೂ ಇದೆ. 1855ರ ಮಾರಕ ಅಪಘಾತಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಒಬ್ಬರ ತಪ್ಪಿನಿಂದ ಸತ್ತವರ ಹೆಂಡತಿ, ಮಕ್ಕಳು, ತಂದೆ ತಾಯಿಗಾಗಿ ದಾವೆ ಹೂಡಬಹುದು, ಸಾವಿನಿಂದ ಎರಡು ವರ್ಷದೊಳಗೆ. ಇಲ್ಲಿ ‘ಸಂಶಯಕ್ಕೆ ಎಡೆಯಿಲ್ಲದಂತೆ’ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಎಂದು ತೋರಿಸಿದರೆ ಸಾಕು. ನಾಲ್ಕನೇ ದಿನದ ಜ್ವರ ಇಲ್ಲಿ ಕ್ರಿಮಿನಲ್ ಕೇಸಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ ವರ್ಷಗಟ್ಟಲೆ ನಡೆಯುತ್ತದೆ. ತಂದೆಯ ದುಡಿಮೆಯ ಮೇಲೆ ಯಾರೂ ಅವಲಂಬಿಸಿರದಿದ್ದರೆ ಸಿಗುವ ಮೊತ್ತವೂ ಸಣ್ಣದು.

ಏನೂ ಮಾಡದೇ ಇರುವುದೂ ಒಂದು ದಾರಿಯೇ. ಮನೆಯವರು ಬೇಡ ಅನ್ನುತ್ತಿದ್ದರೆ ಯಾಕೆ ಎಂದು ಕೇಳಿ, ಯಾಕೆಂದರೆ ಸಾಕ್ಷಿ ಹೇಳಬೇಕಾದವರು ಅವರೇ. ಠಾಣೆಯಲ್ಲಿ ‘ಕೆಮ್ಮುತ್ತಿದ್ದರು’ ಎಂದವರು ಎರಡು ವರ್ಷ ಬಿಟ್ಟು ಕಟಕಟೆಯಲ್ಲಿ ‘ನೆನಪಿಲ್ಲ’ ಅನ್ನುವುದನ್ನು ನಾನು ಸಂಬಂಧಿಕರ ಕೇಸುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕೆಲವರಿಗೆ ಬೇಕಾಗಿರುವುದು ಎದುರು ಕೂತು ‘ಹೌದು, ನನಗೆ ಗೊತ್ತಿತ್ತು’ ಎಂದು ಅವರು ಒಪ್ಪುವುದು ಮಾತ್ರ. ಅದನ್ನು ಕೋರ್ಟು ಕೊಡಿಸಲಾರದು. ಕೇಸು ಹಾಕಿದ ಮೇಲೆ ಅವರ ವಕೀಲರು ಆ ಮಾತು ಆಡಲು ಬಿಡುವುದೂ ಇಲ್ಲ. ನಿಮಗೆ ಬೇಕಾದದ್ದು ಯಾವುದು ಎಂದು ಯೋಚಿಸಿ ಆಮೇಲೆ ಠಾಣೆಗೆ ಹೋಗಿ.

ಯಾವ ದಾರಿ ಹಿಡಿದರೂ ಈ ವಾರ ಆಗಬೇಕಾದ್ದು ಆ ವಾಟ್ಸಾಪ್ ಸಂದೇಶದ ರಕ್ಷಣೆ. ನಿಮ್ಮ ಹತ್ತಿರ ಇರುವುದು ಬಹುಶಃ ಅದರ ಫೋಟೋ. ಮೂಲ ಇರುವುದು ಚಿಕ್ಕಪ್ಪನ ಮಗನ ಫೋನಿನಲ್ಲಿ. ಅವರು ಚಾಟ್ ಅಳಿಸಬಾರದು, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಬೇಕು. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು, ಅದಕ್ಕೆ ಅವರ ಸಹಿಯೂ ಬೇಕಾಗುತ್ತದೆ. ಹಾಗಾಗಿ ಅವರು ನಿಮ್ಮ ಜೊತೆ ನಿಲ್ಲುತ್ತಾರೋ ಇಲ್ಲವೋ ಎಂದು ಈಗಲೇ ತಿಳಿದುಕೊಳ್ಳಿ. ಆಸ್ಪತ್ರೆಯಿಂದ ತಂದೆಯ ಪೂರ್ತಿ ಕೇಸ್ ಶೀಟ್ ತಗೊಳ್ಳಿ, ಮರಣ ಕಾರಣದ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಬರೆದಿದೆಯೇ ನೋಡಿ. ಅಲ್ಲಿ ಬರೀ ‘ಕಿಡ್ನಿ ವೈಫಲ್ಯ’ ಎಂದಿದ್ದರೆ 106ರ ಮಾತು ಎತ್ತುವ ಮೊದಲು ಚಿಕಿತ್ಸೆ ಮಾಡಿದ ಡಾಕ್ಟರ ಹತ್ತಿರ ಮಾತಾಡಿ. ಸಂಬಂಧಿಯ ವರದಿಯನ್ನಾಗಲಿ ಆ ಸಂದೇಶವನ್ನಾಗಲಿ ಕುಟುಂಬದ ಗ್ರೂಪಿಗೋ ಫೇಸ್‌ಬುಕ್ಕಿಗೋ ಹಾಕಬೇಡಿ. ‘ಇವರೇ ಕೊಂದದ್ದು’ ಎಂದು ಬರೆದರೆ ಮಾನನಷ್ಟದ ಕೇಸು ನಿಮ್ಮ ಮೇಲೆ ತಿರುಗುತ್ತದೆ, ಆ ಕೇಸಿಗೆ ಅವರಿಗೆ ಸಾಕ್ಷ್ಯ ಹುಡುಕುವ ಕಷ್ಟವೂ ಇರುವುದಿಲ್ಲ.